ಕಾಯುವವರ ಲೆಕ್ಕ

ಟ್ರಂಕ್ ಕಾಲ್ ಕಾಲವನ್ನು ಕಂಡವರ ಕಿವಿಯಲ್ಲಿ ಮೂರು ಪದಗಳು ಇನ್ನೂ ಉಳಿದಿವೆ: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಎಕ್ಸ್‌ಚೇಂಜಿಗೆ ಫೋನ್ ಮಾಡಿ ಊರು, ನಂಬರು ಹೇಳಿದೊಡನೆ ಆಪರೇಟರ್ ಕೇಳುತ್ತಿದ್ದದ್ದು ಇದನ್ನೇ. ಆರ್ಡಿನರಿ ಅಂದರೆ ಬೆಳಗ್ಗೆ ಬುಕ್ ಮಾಡಿದ್ದು ಮಧ್ಯಾಹ್ನಕ್ಕೆ ಸಿಕ್ಕರೆ ಪುಣ್ಯ. ಅರ್ಜೆಂಟ್ ಅಂದರೆ ದುಡ್ಡು ಜಾಸ್ತಿ, ಕಾಯುವುದು ಕಡಿಮೆ. ಲೈಟ್ನಿಂಗ್ ಅನ್ನುವುದು ಸಾವಿನ ಸುದ್ದಿಗೋ ದೊಡ್ಡ ವ್ಯವಹಾರಕ್ಕೋ ಮೀಸಲು ಅನ್ನುವಷ್ಟು ದುಬಾರಿ. ಮೂರಕ್ಕೂ ತಂತಿ ಒಂದೇ. ಎರಡು ಊರುಗಳ ನಡುವೆ ಇದ್ದ ಬೆರಳೆಣಿಕೆಯ ಲೈನುಗಳಲ್ಲಿ ಒಂದು ಲೈಟ್ನಿಂಗ್ ಕಾಲ್ ಬೇಗ ಸಿಕ್ಕಿತೆಂದರೆ ಯಾರದೋ ಆರ್ಡಿನರಿ ಕಾಲ್ ಅಷ್ಟು ಹೊತ್ತು ಹಿಂದೆ ಸರಿಯಿತು ಅಂತಲೇ ಅರ್ಥ. ಇದು ಕಾಯಿಸುವವರಿಗೂ ಗೊತ್ತಿತ್ತು, ಕಾಯುವವರಿಗೂ ಗೊತ್ತಿತ್ತು. ರೌಟರು, ಸ್ವಿಚ್ಚುಗಳ ಮೇಲೆ ಕ್ವಾಲಿಟಿ ಆಫ್ ಸರ್ವಿಸ್ ಹೆಸರಿನಲ್ಲಿ ಕ್ಯೂ ಪಾಲಿಸಿ ಬರೆದ ವರ್ಷಗಳನ್ನು ತಿರುಗಿ ನೋಡಿದಾಗ ನನಗೆ ಮೊದಲು ನೆನಪಾಗುವುದು ಈ ಮೂರು ಪದಗಳೇ. ನಮ್ಮ ಕಸುಬಿನವರು ಮಾಡಿದ್ದೂ ಆ ಆಪರೇಟರ್ ಕೆಲಸವನ್ನೇ. ಆದರೆ ಕಾಯಬೇಕಾದವರಿಗೆ 'ನೀವು ಆರ್ಡಿನರಿ' ಎಂದು ನಾವು ಯಾವತ್ತೂ ಹೇಳಲಿಲ್ಲ. ಕ್ಯೂ ಪಾಲಿಸಿ ಅಂದರೆ ಯಾರಿಗೋ ವೇಗ ಕೊಡುವ ಉಪಾಯ ಎಂದು ನಂಬಿಕೊಂಡೇ ಈ ಕಸುಬು ಬೆಳೆಯಿತು. ನಿಜದಲ್ಲಿ ಅದು ಯಾರು ಕಾಯಬೇಕು ಎಂಬ ತೀರ್ಮಾನ. ಹಾಗಾಗಿ ಒಂದು ಪಾಲಿಸಿಯ ಯೋಗ್ಯತೆಯನ್ನು ಅಳೆಯುವಾಗ ಆದ್ಯತೆ ಯಾರಿಗೆ ಸಿಕ್ಕಿತು ಎನ್ನುವುದಕ್ಕಿಂತ, ಆ ಆದ್ಯತೆಗೆ ಎಲ್ಲಿ ಬೇಲಿ ಹಾಕಿದೆ, ಸಾಲಿನ ಕೊನೆಯಲ್ಲಿ ನಿಂತವನಿಗೆ ಎಷ್ಟು ಉಳಿದಿದೆ ಎಂಬುದನ್ನು ನೋಡಬೇಕು. ನಾವು ಬಹುಕಾಲ ಇದನ್ನು ತಲೆಕೆಳಗಾಗಿ ಓದಿದೆವು.

ಈ ವಿದ್ಯೆ ಬಡತನದಲ್ಲಿ ಹುಟ್ಟಿದ್ದು. ತೊಂಬತ್ತರ ದಶಕದ ಕೊನೆ, ಎರಡು ಸಾವಿರದ ಆರಂಭದ ಹೊತ್ತಿಗೆ ಒಂದು ಶಾಖಾ ಕಚೇರಿಗೆ 64 ಕೆಬಿಪಿಎಸ್ ಲೀಸ್ಡ್ ಲೈನ್ ಇದ್ದರೆ ಅದು ಗೌರವದ ವಿಷಯ. ಆ ಲೈನಿನ ಲೆಕ್ಕವನ್ನು ಒಮ್ಮೆ ಹತ್ತಿರದಿಂದ ನೋಡಿ. ಎತರ್ನೆಟ್‌ನಲ್ಲಿ ದೊಡ್ಡದೆನಿಸುವ ಪ್ಯಾಕೆಟ್ 1500 ಬೈಟ್, ಅಂದರೆ 12,000 ಬಿಟ್. ಸೆಕೆಂಡಿಗೆ 64,000 ಬಿಟ್ ಸಾಗಿಸುವ ತಂತಿಯ ಮೇಲೆ ಅದೊಂದೇ ಪ್ಯಾಕೆಟ್ ಹೊರಬೀಳಲು 187.5 ಮಿಲಿಸೆಕೆಂಡ್ ಬೇಕು. ಫೋನಿನ ಮಾತು ಸಹಜವಾಗಿ ಕೇಳಬೇಕಾದರೆ ಬಾಯಿಂದ ಕಿವಿಗೆ ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ದಾಟಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. ಯಾರೋ ಕಳಿಸಿದ ಇಮೇಲಿನ ಒಂದೇ ಒಂದು ತುಣುಕು ಮುಂದೆ ಹೋಗುತ್ತಿದ್ದರೆ ಸಾಕು, ಹಿಂದೆ ನಿಂತ ಮಾತಿನ ಪ್ಯಾಕೆಟ್ ಹೊರಡುವ ಮೊದಲೇ ಅದರ ಆಯುಸ್ಸು ಮುಗಿಯಿತು. ಮಾತಿಗೆ ಎಷ್ಟೇ ದೊಡ್ಡ ಆದ್ಯತೆ ಕೊಡಿ, ಹೊಸಲು ದಾಟಿ ಅರ್ಧ ಹೊರಗೆ ಹೋದ ಪ್ಯಾಕೆಟ್ಟನ್ನು ಯಾವ ರೌಟರೂ ಹಿಂದಕ್ಕೆಳೆಯುವುದಿಲ್ಲ. ಅದಕ್ಕೇ ದೊಡ್ಡ ಪ್ಯಾಕೆಟ್ಟುಗಳನ್ನು ಕೊಚ್ಚಿ ನಡುನಡುವೆ ಮಾತನ್ನು ತೂರಿಸುವ ಏರ್ಪಾಡು ಬಂತು. 64 ಕೆಬಿಪಿಎಸ್ ಮೇಲೆ ಯಾರೂ 10 ಮಿಲಿಸೆಕೆಂಡಿಗಿಂತ ಹೆಚ್ಚು ಕಾಯಬಾರದೆಂದರೆ ತುಂಡು 80 ಬೈಟಿಗಿಂತ ದೊಡ್ಡದಿರಬಾರದು. ಹೀಗೆ ಒಂದೊಂದು ತುಂಡಿಗೂ ತಲೆಚೀಟಿ ಅಂಟಿಸಿ, ಮೊದಲೇ ಕಿರಿದಾದ ದಾರಿಯನ್ನು ಇನ್ನಷ್ಟು ಕಿರಿದು ಮಾಡಿಕೊಂಡು ನಾವು ಮಾತನ್ನು ಉಳಿಸಿಕೊಂಡೆವು. ಇಮೇಲ್ ಕಾದಿತು. ಅದು ಕಾಯಬಲ್ಲದು ಎಂಬುದು ನಮ್ಮ ತೀರ್ಮಾನ. ಇಮೇಲ್ ಕಳಿಸಿದವನನ್ನು ಯಾರೂ ಕೇಳಲಿಲ್ಲ.

ಆದ್ಯತೆಯ ಆಸೆ ಇಂಟರ್ನೆಟ್ಟಿಗಿಂತ ಹಳೆಯದು. 1981ರ ಐಪಿ ದಾಖಲೆಯಲ್ಲೇ ಪ್ರತಿ ಪ್ಯಾಕೆಟ್ಟಿನ ತಲೆಯ ಮೇಲೆ ಮೂರು ಬಿಟ್‌ಗಳ ಆದ್ಯತೆಯ ಜಾಗವಿತ್ತು. ಎಂಟು ಹಂತ, ಅವುಗಳಲ್ಲಿ ಒಂದರ ಹೆಸರು 'ಫ್ಲಾಶ್ ಓವರ್‌ರೈಡ್'. ಸೈನ್ಯದ ಸಂದೇಶ ವ್ಯವಸ್ಥೆಯಿಂದ ಬಂದ ಪರಿಭಾಷೆ ಅದು. ಅಮೆರಿಕದ ಸೇನೆಯ ಆಟೋವಾನ್ ದೂರವಾಣಿ ಜಾಲದ ಫೋನುಗಳಲ್ಲಿ ಅಂಕಿಗಳ ಬಲಕ್ಕೆ ನಾಲ್ಕನೆಯ ಸಾಲು ಗುಂಡಿಗಳಿದ್ದವು. ಅವನ್ನು ಒತ್ತಿದರೆ ಕೆಳದರ್ಜೆಯ ಕರೆಯನ್ನು ಕಡಿದು ನಿಮ್ಮ ಕರೆಗೆ ದಾರಿ ಸಿಗುತ್ತಿತ್ತು. ಆ ವ್ಯವಸ್ಥೆ ನಡೆದದ್ದು ಯಾರು ಯಾವ ಗುಂಡಿ ಒತ್ತಬಹುದೆಂಬ ಕಟ್ಟುನಿಟ್ಟಿನಿಂದ. ಗುಂಡಿ ಇದ್ದರೆ ಸಾಲದು, ಒತ್ತಬಾರದವರನ್ನು ತಡೆಯುವ ಪದ್ಧತಿಯೂ ಬೇಕು. ಐಪಿ ಆ ಗುಂಡಿಯನ್ನು ಮಾತ್ರ ತೆಗೆದುಕೊಂಡು ಬಂತು, ಕಟ್ಟುನಿಟ್ಟನ್ನು ಸೇನೆಯಲ್ಲೇ ಬಿಟ್ಟು ಬಂತು. ಇದರ ಪರಿಣಾಮ ಕಾಣಿಸಿಕೊಳ್ಳಲು ಸ್ವಲ್ಪ ಕಾಲ ಹಿಡಿಯಿತು, ಏಕೆಂದರೆ ಅದಕ್ಕಿಂತ ಮೊದಲೇ ಜಾಲ ಬೇರೆ ರೀತಿಯಲ್ಲಿ ಕುಸಿಯಿತು. 1986ರ ಅಕ್ಟೋಬರಿನಲ್ಲಿ ಬರ್ಕ್ಲಿಯ ಪ್ರಯೋಗಾಲಯ ಮತ್ತು ವಿಶ್ವವಿದ್ಯಾಲಯದ ನಡುವೆ, ಕೇವಲ 400 ಗಜ ದೂರದ ಹಾದಿಯಲ್ಲಿ, ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದದ್ದು 40 ಬಿಟ್‌ಗೆ ಇಳಿಯಿತೆಂದು ವ್ಯಾನ್ ಜೇಕಬ್ಸನ್ ಬರೆದರು. ಅದೇ ಕಾಲದ ಎನ್‌ಎಸ್‌ಎಫ್‌ನೆಟ್‌ನ 56 ಕೆಬಿಪಿಎಸ್ ಬೆನ್ನೆಲುಬಿನಲ್ಲಿ ಡೇವಿಡ್ ಮಿಲ್ಸ್ ಅವರ ಫಜ್‌ಬಾಲ್ ರೌಟರುಗಳು ಕೀಲಿಮಣೆಯ ಮುಂದೆ ಕೂತು ಟೈಪ್ ಮಾಡುವವರ ಪ್ಯಾಕೆಟ್ಟುಗಳನ್ನು ಫೈಲ್ ವರ್ಗಾವಣೆಯ ಮುಂದೆ ಬಿಡುತ್ತಿದ್ದವು.

ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಎಲ್ಲಕ್ಕಿಂತ ಕಣ್ಣು ತೆರೆಸುವ ಪುಟಗಳು ಜಾನ್ ನೇಗಲ್ 1985ರ ಡಿಸೆಂಬರಿನಲ್ಲಿ ಬರೆದವು. ರೌಟರಿನಲ್ಲಿ ಜಾಗಕ್ಕೆ ಮಿತಿಯೇ ಇಲ್ಲ, ಎಷ್ಟು ಪ್ಯಾಕೆಟ್ ಬಂದರೂ ಸಾಲಿನಲ್ಲಿ ನಿಲ್ಲಿಸಬಹುದು ಎಂದಿಟ್ಟುಕೊಳ್ಳಿ, ಆಗ ಏನಾಗುತ್ತದೆ ಎಂದು ಅವರು ಕೇಳಿದರು. ಉತ್ತರ ವಿಚಿತ್ರ: ಹೊರೆ ಮಿತಿಮೀರಿದಾಗ ಅಂಥ ರೌಟರು ಕೊನೆಗೆ ಎಲ್ಲ ಪ್ಯಾಕೆಟ್ಟುಗಳನ್ನೂ ಕಳೆದುಕೊಳ್ಳುತ್ತದೆ, ಏಕೆಂದರೆ ಸಾಲು ಉದ್ದವಾಗಿ ಉದ್ದವಾಗಿ, ತಲೆಬಾಗಿಲು ಮುಟ್ಟುವ ಹೊತ್ತಿಗೆ ಪ್ರತಿಯೊಂದರ ಅವಧಿಯೂ ಮುಗಿದಿರುತ್ತದೆ. ಯಾರನ್ನೂ ಹೊರಗೆ ಕಳಿಸದ ಔದಾರ್ಯ ಎಲ್ಲರನ್ನೂ ಕೊಲ್ಲುತ್ತದೆ. ಅವರು ಸೂಚಿಸಿದ ಪರಿಹಾರ, ಕಳಿಸುವ ಪ್ರತಿಯೊಬ್ಬರಿಗೂ ಒಂದೊಂದು ಸಾಲು, ಸರದಿಯಂತೆ ಒಂದೊಂದು ಪ್ಯಾಕೆಟ್; ಹೆಚ್ಚು ತುರುಕಿದವನು ತನ್ನ ಸಾಲನ್ನೇ ಉದ್ದ ಮಾಡಿಕೊಳ್ಳುತ್ತಾನೆ, ನೆರೆಯವನದನ್ನಲ್ಲ. 1989ರಲ್ಲಿ ಡೆಮರ್ಸ್, ಕೇಶವ್, ಶೆಂಕರ್ ಇದಕ್ಕೆ ಗಣಿತದ ಬಿಗಿ ಕೊಟ್ಟರು. 1995ರಲ್ಲಿ ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್ ಅದನ್ನು ಯಂತ್ರಕ್ಕೆ ಅಗ್ಗವಾಗುವಂತೆ ಮಾಡಿದರು. ಈ ಪರಂಪರೆಯಲ್ಲಿ 'ಮುಖ್ಯ' ಎಂಬ ಪದವೇ ಇಲ್ಲ ಎಂಬುದನ್ನು ಗಮನಿಸಿ. ಅಲ್ಲಿರುವುದು ಪಾಲು. ಮುಖ್ಯ ಯಾರು ಎಂಬ ಪ್ರಶ್ನೆಯನ್ನು ತಂದವರು ನಾವು, ಕಚೇರಿಗಳ ಒಳಗೆ ಕೂತು ಕಾನ್ಫಿಗರ್ ಮಾಡಿದವರು.

ಆ ಪ್ರಶ್ನೆ ತರಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಮಾತಿಗೆ ಕಾಯಲು ಬರುವುದಿಲ್ಲ, ಬ್ಯಾಕಪ್ಪಿಗೆ ಬರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮೊಂಡುತನ. ಆದರೆ ಆದ್ಯತೆಗೆ ಒಂದು ಲೆಕ್ಕವಿದೆ, ಅದನ್ನು ಲಿಯೊನಾರ್ಡ್ ಕ್ಲೈನ್‌ರಾಕ್ ಅರವತ್ತರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಒಂದೇ ಲಿಂಕಿನ ಮೇಲೆ ಯಾರು ಮೊದಲು, ಯಾರು ಆಮೇಲೆ ಎಂದು ಹೇಗೇ ಅದಲು ಬದಲು ಮಾಡಿ, ಪ್ರತಿ ವರ್ಗದ ಕಾಯುವಿಕೆಯನ್ನು ಅದರ ಹೊರೆಯಿಂದ ಗುಣಿಸಿ ಕೂಡಿಸಿದರೆ ಮೊತ್ತ ಬದಲಾಗುವುದಿಲ್ಲ. ಕಾಯುವಿಕೆ ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಗುತ್ತದೆ, ಅಷ್ಟೆ. ಎಲ್ಲರೂ ಸರಾಸರಿ 20 ಮಿಲಿಸೆಕೆಂಡ್ ಕಾಯುತ್ತಿದ್ದಾರೆ ಎನ್ನೋಣ. ಒಟ್ಟು ಹೊರೆಯಲ್ಲಿ ಹತ್ತನೇ ಒಂದು ಪಾಲು ಇರುವ ಮಾತಿಗೆ ಆದ್ಯತೆ ಕೊಟ್ಟು ಅದರ ಕಾಯುವಿಕೆಯನ್ನು 2ಕ್ಕೆ ಇಳಿಸಿದರೆ ಉಳಿದ ಒಂಬತ್ತು ಪಾಲಿಗೆ 20 ಇದ್ದದ್ದು 22 ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅರ್ಧಕ್ಕರ್ಧ ಹೊರೆಯನ್ನು ಆದ್ಯತೆಗೆ ಸೇರಿಸಿ ಅದನ್ನು 5ಕ್ಕೆ ಇಳಿಸಿದರೆ ಉಳಿದರ್ಧ 35ಕ್ಕೆ ಏರುತ್ತದೆ. ಹತ್ತರಲ್ಲಿ ಒಂಬತ್ತು ಪಾಲನ್ನು ಆದ್ಯತೆಗೆ ತಂದರೋ, ಅವರಿಗೆ 1 ಮಿಲಿಸೆಕೆಂಡ್ ಉಳಿಸಲು ಹೊರಗುಳಿದ ಒಂದು ಪಾಲು 9 ಮಿಲಿಸೆಕೆಂಡ್ ತೆರಬೇಕು. ಲೈಟ್ನಿಂಗ್ ಕಾಲ್ ಕೆಲಸ ಮಾಡಿದ್ದು ಅದು ದುಬಾರಿಯಾಗಿದ್ದರಿಂದ, ಅಂದರೆ ವಿರಳವಾಗಿದ್ದರಿಂದ. ದೇವಸ್ಥಾನದಲ್ಲೂ ಹಾಗೆಯೇ, ಎಲ್ಲರೂ ವಿಶೇಷ ದರ್ಶನದ ಚೀಟಿ ಕೊಂಡ ದಿನ ವಿಶೇಷ ದರ್ಶನದ ಸಾಲೇ ಧರ್ಮದರ್ಶನದ ಸಾಲಾಗುತ್ತದೆ. ಧರ್ಮದರ್ಶನದ ಸಾಲು ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಇದು ಗೊತ್ತಿದ್ದೂ ವರ್ಗಗಳು ಬೆಳೆದವು. 1998ರ ಡಿಸೆಂಬರಿನಲ್ಲಿ ಡಿಫ್‌ಸರ್ವ್ ಎಂಬ ಹೊಸ ಗುರುತಿನ ಪದ್ಧತಿ ಬಂದಾಗ ಮೂರು ಬಿಟ್ ಆರಾಯಿತು, ಎಂಟು ಹಂತ 64 ಗುರುತುಗಳಾದವು. ಮಾತಿಗೆ 46ನೆಯ ಗುರುತು. ಆಮೇಲೆ ವಿಡಿಯೊ, ಸಿಗ್ನಲಿಂಗ್, ವ್ಯವಹಾರದ ಮುಖ್ಯ ತಂತ್ರಾಂಶ, ಅಷ್ಟು ಮುಖ್ಯವಲ್ಲದ ತಂತ್ರಾಂಶ ಅಂತ 2006ರ ಮಾರ್ಗಸೂಚಿಯ ಹೊತ್ತಿಗೆ ಸೇವಾ ವರ್ಗಗಳು 12ಕ್ಕೆ ಮುಟ್ಟಿದವು. ಪ್ರತಿ ಇಲಾಖೆಗೂ ತನ್ನ ತಂತ್ರಾಂಶವೇ ಮುಖ್ಯ. ತಾನು ಆರ್ಡಿನರಿ ಎಂದು ಸಭೆಯಲ್ಲಿ ಕೈ ಎತ್ತುವವರಿಲ್ಲ. ಈ ಒತ್ತಡ ಎಷ್ಟು ಸಹಜವೋ ಅದಕ್ಕೆ ಮಣಿಯುವುದೂ ಅಷ್ಟೇ ಸುಲಭ, ಏಕೆಂದರೆ ಕಾನ್ಫಿಗರೇಶನ್ನಿನಲ್ಲಿ ಇನ್ನೊಂದು ಕ್ಲಾಸ್ ಸೇರಿಸಲು ಎರಡು ಸಾಲು ಸಾಕು. ಸಿಸ್ಕೊ ರೌಟರುಗಳ ಹಳೆಯ ಆವೃತ್ತಿಗಳಲ್ಲಿ ಒಂದು ಒಳ್ಳೆಯ ಅಡ್ಡಗಟ್ಟೆ ಇತ್ತು: ಲಿಂಕಿನ ಶೇಕಡಾ 75ಕ್ಕಿಂತ ಹೆಚ್ಚನ್ನು ಹೆಸರಿಟ್ಟ ವರ್ಗಗಳಿಗೆ ಹಂಚಲು ಹೋದರೆ ಯಂತ್ರವೇ ಆಗುವುದಿಲ್ಲ ಎನ್ನುತ್ತಿತ್ತು. ಉಳಿದ 25 ಹೆಸರಿಲ್ಲದವರಿಗೆ ಮತ್ತು ಜಾಲದ ಒಳಗಿನ ಸಂದೇಶಗಳಿಗೆ. ಆ ಮಿತಿಯನ್ನು ತೆಗೆಯಲೂ ಒಂದು ಕಮಾಂಡ್ ಇತ್ತು, ಮ್ಯಾಕ್ಸ್-ರಿಸರ್ವ್ಡ್-ಬ್ಯಾಂಡ್‌ವಿಡ್ತ್ 100. ಅದನ್ನು ಟೈಪ್ ಮಾಡದ ಇಂಜಿನಿಯರನ್ನು ಹುಡುಕುವುದು ಕಷ್ಟ. ಯಂತ್ರ ಬಡವರಿಗೆಂದು ಎತ್ತಿಟ್ಟಿದ್ದನ್ನು ಮನುಷ್ಯರು ಒಂದೇ ಸಾಲಿನಲ್ಲಿ ಖಾಲಿ ಮಾಡಿದರು. ನಡುವೆ ಒಂದು ಮಾತು: ಈ ಎಲ್ಲ ವರ್ಗಗಳ ಪೈಕಿ ನನಗೆ ಗೌರವ ಇರುವುದು ಎಲ್ಲಕ್ಕಿಂತ ಕೆಳಗಿರುವ 'ಸ್ಕ್ಯಾವೆಂಜರ್' ವರ್ಗದ ಮೇಲೆ. ನನಗೆ ಅವಸರವಿಲ್ಲ, ಉಳಿದರೆ ಕೊಡಿ ಎಂದು ತಾನಾಗಿ ಹಿಂದೆ ನಿಲ್ಲುವ ವರ್ಗ ಅದೊಂದೇ.

ಬೇಲಿಯ ಮಾತಿಗೆ ಬರೋಣ. ಆದ್ಯತೆಯ ಕ್ಯೂಗೆ ಯಂತ್ರದೊಳಗೇ ಒಂದು ಮಿತಿ ಇರುತ್ತದೆ. ಲಿಂಕ್ ತುಂಬಿದಾಗ ಆ ಮಿತಿ ಮೀರಿದ್ದನ್ನು ಅದು ಎಸೆಯುತ್ತದೆ. ಒಟ್ಟು ಲಿಂಕಿನ ಮೂರನೇ ಒಂದಕ್ಕಿಂತ ಹೆಚ್ಚು ಕೊಡಬೇಡಿ ಎಂಬುದು ಹಳೆಯ ಕೈಪಿಡಿಗಳ ಬುದ್ಧಿಮಾತು. ಆದರೆ ಬೇಲಿ ಪ್ಯಾಕೆಟ್ ಎಣಿಸುತ್ತದೆಯೇ ಹೊರತು ಮನುಷ್ಯರನ್ನು ಎಣಿಸುವುದಿಲ್ಲ. ಮಾತನ್ನು ಕುಗ್ಗಿಸಿ ಕಳಿಸುವ ಜಿ.729 ಬಳಸಿದ ಒಂದು ಕರೆ ಐಪಿ ತಲೆಚೀಟಿಗಳೂ ಸೇರಿ 24 ಕೆಬಿಪಿಎಸ್ ತಿನ್ನುತ್ತದೆ. ಆದ್ಯತೆಗೆ 75 ಕೆಬಿಪಿಎಸ್ ಇಟ್ಟರೆ ಮೂರು ಕರೆಗಳು, 72 ಕೆಬಿಪಿಎಸ್, ಸುಖವಾಗಿ ಹೋಗುತ್ತವೆ. ನಾಲ್ಕನೆಯವರು ಫೋನ್ ಎತ್ತಿದೊಡನೆ 96 ಆಯಿತು. 21 ಕೆಬಿಪಿಎಸ್ ಹೊರಗೆ ಬಿತ್ತು. ಯಾರದು ಬಿತ್ತು? ನಾಲ್ಕನೆಯವರದಷ್ಟೇ ಅಲ್ಲ, ನಾಲ್ಕೂ ಜನರದು. ಪ್ರತಿ ಕರೆಯಲ್ಲೂ ಹೆಚ್ಚುಕಡಿಮೆ ಐದು ಪ್ಯಾಕೆಟ್ಟಿಗೊಂದು. ಒಬ್ಬರಿಗೆ ಇಲ್ಲವೆನ್ನಲಾರದೆ ನಾಲ್ವರ ಮಾತನ್ನೂ ಹಾಳುಮಾಡಿದ ಹಾಗಾಯಿತು. ಇದಕ್ಕೆ ಮದ್ದು ಕ್ಯೂನಲ್ಲಿಲ್ಲ, ಅದಕ್ಕಿಂತ ಮೊದಲಿನ ಬಾಗಿಲಿನಲ್ಲಿದೆ: ಮೂರು ಕರೆ ನಡೆಯುತ್ತಿದ್ದರೆ ನಾಲ್ಕನೆಯದಕ್ಕೆ ಎಂಗೇಜ್ ಟೋನ್ ಕೇಳಿಸುವುದು. ಹಳೆಯ ದೂರವಾಣಿಯವರಿಗೆ ಇದು ಅಕ್ಷರಾಭ್ಯಾಸ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಕಳೆದ ಶತಮಾನದ ಆರಂಭದಲ್ಲೇ ಎಷ್ಟು ಲೈನಿದ್ದರೆ ಎಷ್ಟು ಜನರಿಗೆ ಇಲ್ಲವೆನ್ನಬೇಕಾಗುತ್ತದೆ ಎಂದು ಲೆಕ್ಕ ಹಾಕಿಟ್ಟಿದ್ದರು. ಎಂಗೇಜ್ ಟೋನ್ ಕೇಳಿದವರು ಬೈದುಕೊಂಡಾರು, ಆದರೆ ಅವರಿಗೆ ವಿಷಯ ತಿಳಿಯುತ್ತದೆ. ಐಪಿ ಜಗತ್ತಿನಲ್ಲಿ ಈ ನೇರವಾದ ನಿರಾಕರಣೆ ಅಪರೂಪವಾಯಿತು. ಎಲ್ಲರನ್ನೂ ಒಳಗೆ ಬಿಟ್ಟು ಎಲ್ಲರನ್ನೂ ತೊದಲಿಸುವುದೇ ಸೌಜನ್ಯ ಎನಿಸಿಕೊಂಡಿತು.

ಸರ್ಕಾರಿ ಜಾಲಗಳಲ್ಲಿ ಈ ಬೇಲಿಯ ಮಾತು ಇನ್ನೂ ನೇರವಾಗಿ ಜನರನ್ನು ಮುಟ್ಟುವ ಸಂಗತಿ. 2005ರಲ್ಲಿ ಕೇಂದ್ರ ಒಪ್ಪಿದ ರಾಜ್ಯವ್ಯಾಪಿ ಜಾಲ ಯೋಜನೆಯಲ್ಲಿ ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಕನಿಷ್ಠ 2 ಎಂಬಿಪಿಎಸ್ ಲಿಂಕ್ ಎಂದಿತ್ತು. ನಮ್ಮ ಕೆ-ಸ್ವಾನ್ ಅದೇ ಮಾದರಿಯದು. ಮಾತು, ವಿಡಿಯೊ, ಮಾಹಿತಿ ಮೂರೂ ಅದೇ ಕೊಳವೆಯಲ್ಲಿ. 2 ಎಂಬಿಪಿಎಸ್ ಮೇಲೆ 1500 ಬೈಟಿನ ಪ್ಯಾಕೆಟ್ ಹೊರಬೀಳಲು 6 ಮಿಲಿಸೆಕೆಂಡ್, ಹಾಗಾಗಿ ಕೊಚ್ಚುವ ಗೊಡವೆ ಇಲ್ಲ. ಆದರೆ ವಿಡಿಯೊ ಕಾನ್ಫರೆನ್ಸನ್ನು ಬೇಲಿ ಇಲ್ಲದೆ ಮೇಲಿನ ವರ್ಗಕ್ಕೆ ಹಾಕಿದರೆ ಏನಾಗುತ್ತದೆಂದು ಯೋಚಿಸಿ. ಮೇಲಧಿಕಾರಿಗಳ ಚಿತ್ರ ಸ್ಫಟಿಕದಂತೆ ಬರುತ್ತದೆ; ಅದೇ ಹೊತ್ತಿಗೆ ಪಹಣಿಯ ಕಿಟಕಿಯಲ್ಲಿ ತೆರೆಯ ಮೇಲೆ ಮರಳುಗಡಿಯಾರ ತಿರುಗುತ್ತದೆ. ರೌಟರಿನೊಳಗಿನ ಕ್ಯೂ ಕಿಟಕಿಯ ಹೊರಗಿನ ಕ್ಯೂ ಆಗಿಬಿಡುತ್ತದೆ. ಬಿಸಿಲಲ್ಲಿ ನಿಂತ ರೈತನಿಗೆ 'ಸರ್ವರ್ ಡೌನ್' ಎಂಬ ಉತ್ತರ ಸಿಗುತ್ತದೆ. ಸರ್ವರ್ ಚೆನ್ನಾಗಿಯೇ ಇರುತ್ತದೆ. ತುಂಗಭದ್ರಾ ಎಡದಂಡೆಯ ಕೊನೆಭಾಗದ ರೈತರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಅಣೆಕಟ್ಟೆಯಲ್ಲಿ ನೀರಿದ್ದೂ ಕಾಲುವೆಯ ಬಾಲಕ್ಕೆ ಬಾರದಿರುವುದು ಹೇಗೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ತಪ್ಪು ಇಡೀ ಪೀಳಿಗೆಯದು: ಕ್ಯೂ ಎಲ್ಲಿ ಕಟ್ಟುತ್ತದೋ ಅಲ್ಲಿ ಪಾಲಿಸಿ ಹಾಕದೆ, ಕೈಗೆ ಸಿಕ್ಕಲ್ಲಿ ಹಾಕಿದ್ದು. ಸೀರಿಯಲ್ ಲೈನು ಹೋಗಿ ಎತರ್ನೆಟ್ ಬಂದಾಗ ಸೇವೆ ಕೊಡುವವರು 100 ಎಂಬಿಪಿಎಸ್ ಪೋರ್ಟಿನ ಮೇಲೆ 10 ಎಂಬಿಪಿಎಸ್ ಮಾರತೊಡಗಿದರು. ನಿಮ್ಮ ರೌಟರಿಗೆ ಕಾಣುವುದು 100. ಸಾಲು ಕಟ್ಟುವ ಪ್ರಶ್ನೆಯೇ ಇಲ್ಲವೆಂದು ಅದು ಎಲ್ಲವನ್ನೂ ಹಾಗೇ ಹೊರಗೆ ತಳ್ಳುತ್ತದೆ. ಆಚೆ ತುದಿಯಲ್ಲಿ ಅವರ ಯಂತ್ರ 10 ಮೀರಿದ್ದನ್ನು ಮಾತೋ ಬ್ಯಾಕಪ್ಪೋ ನೋಡದೆ ಕತ್ತರಿಸುತ್ತದೆ. ಕರೆ ತೊದಲುತ್ತಿದೆ ಎಂದು ದೂರು ಬಂದಾಗ ನಮ್ಮ ಪಾಲಿಸಿಯ ಎಣಿಕೆ ತೆಗೆದು ನೋಡಿದರೆ ಪ್ರತಿ ಕ್ಲಾಸಿನ ಮುಂದೂ ಡ್ರಾಪ್ ಸೊನ್ನೆ, ಸೊನ್ನೆ, ಸೊನ್ನೆ. ಆ ಸೊನ್ನೆಗಳನ್ನು ಆರೋಗ್ಯದ ಲಕ್ಷಣವೆಂದು ಓದಿದವರು ಲೆಕ್ಕವಿಲ್ಲದಷ್ಟು. ಪಾಲಿಸಿ ಕೆಲಸವನ್ನೇ ಮಾಡುತ್ತಿಲ್ಲ ಎಂಬುದರ ಲಕ್ಷಣ ಅದು. ಪರಿಹಾರ, ತಾಯಿ ಪಾಲಿಸಿಯಲ್ಲಿ ಲಿಂಕನ್ನು 10ಕ್ಕೆ, ಇಲ್ಲವೇ ಎತರ್ನೆಟ್ಟಿನ ಲೆಕ್ಕಕ್ಕೆ ಸಿಗದ ಬೈಟ್‌ಗಳಿಗೆಂದು ಇನ್ನೂ ಸ್ವಲ್ಪ ಕೆಳಕ್ಕೆ, ಶೇಪ್ ಮಾಡಿ, ಅದರ ಮಗುವಾಗಿ ವರ್ಗಗಳ ಪಾಲಿಸಿ ಇಡುವುದು. ಅಂದರೆ ದೂರದಲ್ಲಿ ಕಟ್ಟುತ್ತಿದ್ದ ಸಾಲನ್ನು ನಮ್ಮ ಬಾಗಿಲಿಗೆ ತಂದು ಕಟ್ಟಿಸಿಕೊಳ್ಳುವುದು. ಸಾಲು ನಮ್ಮ ಕಣ್ಣಳತೆಗೆ ಬಂದರೆ ಮಾತ್ರ ಅದರಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಹೇಳಲು ನಮಗೆ ಬಾಯಿ. ಕಚೇರಿಯೊಳಗಿನ ಸ್ವಿಚ್ಚುಗಳ ಕತೆ ಬೇರೆ ಬಗೆಯದು: ಒಂದು ಕಾಲದ ಬಲು ಜನಪ್ರಿಯ ಸ್ವಿಚ್ಚುಗಳಲ್ಲಿ ಕ್ವಾಲಿಟಿ ಆಫ್ ಸರ್ವಿಸ್ ಶುರುಮಾಡುವ ಒಂದು ಕಮಾಂಡ್ ಕೊಟ್ಟೊಡನೆ, ನಂಬಿ ಎಂದು ಹೇಳದ ಪ್ರತಿ ಪೋರ್ಟಿನಲ್ಲೂ ಬಂದ ಗುರುತುಗಳು ಅಳಿಸಿ ಸೊನ್ನೆಯಾಗುತ್ತಿದ್ದವು, ಇದ್ದ ಬಫರ್ ನಾಲ್ಕು ಪಾಲಾಗಿ, ಅದುವರೆಗೆ ಇಲ್ಲದ ಡ್ರಾಪ್ ಆರಂಭವಾಗುತ್ತಿತ್ತು. ರೋಗವಿಲ್ಲದ ಮೈಗೆ ಕೊಟ್ಟ ಔಷಧಿಯೂ ಕೆಲಸ ಮಾಡಿಯೇ ತೀರುತ್ತದೆ.

ಇಷ್ಟೆಲ್ಲ ತಲೆನೋವು ಯಾಕೆ, ಬ್ಯಾಂಡ್‌ವಿಡ್ತ್ ಕೊಂಡರಾಯಿತಲ್ಲ ಎಂಬ ಆಕ್ಷೇಪಣೆ ಹಗುರವಾದದ್ದಲ್ಲ. ಚರಿತ್ರೆ ಬಹುಮಟ್ಟಿಗೆ ಅದರ ಕಡೆಗಿದೆ. 1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ದೇಶದ ಮೊದಲ ಎಸ್‌ಟಿಡಿ ಬಂದ ಮೇಲೆ, ನಿಧಾನವಾಗಿಯಾದರೂ, ಲೈಟ್ನಿಂಗ್ ಕಾಲ್ ಸತ್ತಿತು. ಅದನ್ನು ಕೊಂದದ್ದು ನ್ಯಾಯದ ಕಲ್ಪನೆಯಲ್ಲ, ಹೆಚ್ಚಿದ ಲೈನುಗಳು. ಅಮೆರಿಕದ ಇಂಟರ್ನೆಟ್2 ಜಾಲದವರು ಖಾತರಿಯ ಪ್ರೀಮಿಯಂ ಸೇವೆ ಕಟ್ಟಲು ಹೊರಟು, ಟೈಟೆಲ್‌ಬಾಮ್ ಮತ್ತು ಶಾಲುನೊವ್ 2002ರಲ್ಲಿ ಅದೇಕೆ ಬರಲಿಲ್ಲ, ಬಹುಶಃ ಬರುವುದೂ ಇಲ್ಲವೆಂದು ಬರೆದು ಕೈಮುಗಿದರು. ಜಾಲದ ನಟ್ಟನಡುವಿನ ದಪ್ಪ ಕೊಳವೆಗಳ ಮಟ್ಟಿಗೆ ನಾನು ಈ ಆಕ್ಷೇಪಣೆಗೆ ಸೋಲುತ್ತೇನೆ. 1 ಜಿಬಿಪಿಎಸ್ ಮೇಲೆ ಆ 1500 ಬೈಟ್ ಹೊರಬೀಳಲು 12 ಮೈಕ್ರೊಸೆಕೆಂಡ್ ಸಾಕು, ಅಲ್ಲಿ ಆದ್ಯತೆಯ ಮಾತೇ ಹಾಸ್ಯಾಸ್ಪದ. ಆದರೆ ಲೋಕ ನಡುವಿನಲ್ಲಿ ಬದುಕುವುದಿಲ್ಲ, ಅಂಚಿನಲ್ಲಿ ಬದುಕುತ್ತದೆ. ಸರಳ ಸಾಲಿನ ಗಣಿತದಲ್ಲಿ ಲಿಂಕ್ ಅರ್ಧ ತುಂಬಿದರೆ ವಿಳಂಬ ಎರಡು ಪಟ್ಟು, ಶೇಕಡಾ 80ಕ್ಕೆ ಐದು ಪಟ್ಟು, 90ಕ್ಕೆ ಹತ್ತು, 95ಕ್ಕೆ ಇಪ್ಪತ್ತು. ಅಷ್ಟು ತುಂಬಲು ಬಿಡುವುದೇ ಇಲ್ಲ ಎನ್ನುವವರು ಟಿಸಿಪಿಯ ಸ್ವಭಾವವನ್ನು ಮರೆತಿದ್ದಾರೆ. ಏನಾದರೂ ಬೀಳುವ ತನಕ ವೇಗ ಹೆಚ್ಚಿಸುತ್ತ ಹೋಗುವುದು ಅದರ ಹುಟ್ಟುಗುಣ. ಎಷ್ಟು ಅಗಲದ ರಸ್ತೆ ಕೊಟ್ಟರೂ ಒಂದು ದೊಡ್ಡ ಅಪ್‌ಲೋಡ್ ಅದನ್ನು ಕ್ಷಣಕಾಲವಾದರೂ ತುಂಬಿಯೇ ತೀರುತ್ತದೆ. 1 ಎಂಬಿಪಿಎಸ್ ಅಪ್‌ಲೋಡ್ ಇರುವ ಮನೆಯ ಮೋಡೆಮ್ಮಿನಲ್ಲಿ 256 ಕಿಲೋಬೈಟ್ ಬಫರ್ ಇದ್ದು ಅದು ತುಂಬಿದರೆ, ಹಿಂದೆ ನಿಂತವರು ಎರಡು ಸೆಕೆಂಡ್ ಕಾಯಬೇಕು. 2010ರ ಆಸುಪಾಸಿನಲ್ಲಿ ಜಿಮ್ ಗೆಟಿಸ್ ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು ಕೊಟ್ಟು ಊರಿಗೆಲ್ಲ ಸಾರಿದರು. ನೇಗಲ್ 1985ರಲ್ಲಿ ಕಾಗದದ ಮೇಲೆ ಊಹಿಸಿದ ಮಿತಿಯಿಲ್ಲದ ಬಫರನ್ನು ನಾವು ಅಗ್ಗದ ಮೆಮೊರಿಯಿಂದ ನಿಜವಾಗಿಯೂ ಕಟ್ಟಿ ಮನೆಮನೆಗೆ ಹಂಚಿದ್ದೆವು.

ಹಾಗಿದ್ದರೆ ಈಗಿನ ಎಫ್‌ಕ್ಯು-ಕೋಡೆಲ್ ಎಂಬ ಕ್ಯೂ ಪದ್ಧತಿ ಇದೆಯಲ್ಲ, ವರ್ಗಗಳ ಜಾತಕ ಬರೆಯುವ ಕೆಲಸವೇ ಬೇಡವಲ್ಲ ಎನ್ನುವವರಿಗೆ ನನ್ನ ಉತ್ತರ: ಮನೆಗಳಿಗೆ, ಸಣ್ಣ ಕಚೇರಿಗಳಿಗೆ ನಿಜಕ್ಕೂ ಬೇಡ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್ಸನ್ 2012ರಲ್ಲಿ ಕೊಟ್ಟ ಕೋಡೆಲ್, ಸಾಲು ಎಷ್ಟು ಉದ್ದ ಎಂದು ಕೇಳುವುದಿಲ್ಲ, ಎಷ್ಟು ಹೊತ್ತು ಕಾದಿರಿ ಎಂದು ಕೇಳುತ್ತದೆ. 100 ಮಿಲಿಸೆಕೆಂಡ್ ಉದ್ದಕ್ಕೂ ಕಾಯುವಿಕೆ 5 ಮಿಲಿಸೆಕೆಂಡಿನ ಕೆಳಕ್ಕೆ ಇಳಿಯದೇ ಹೋದರೆ ಎಸೆಯತೊಡಗುತ್ತದೆ. ಅದರ ಜೊತೆ ಸೇರಿಸಿದ ಸರದಿ ಪದ್ಧತಿಯಲ್ಲಿ ಹೊಸದಾಗಿ ಬಂದ ಹರಿವಿಗೆ ಮುಂದಿನ ಜಾಗ ಸಿಗುತ್ತದೆ, ಆದರೆ ಒಂದು ಪ್ಯಾಕೆಟ್ಟಿನಷ್ಟು, 1514 ಬೈಟ್, ಕಳಿಸಿದ ಮೇಲೂ ಇನ್ನೂ ಉಳಿದಿದ್ದರೆ ಅದು ಹಳಬರ ಸಾಲಿಗೆ ಹೋಗಿ ನಿಲ್ಲಬೇಕು. ಮಾತು, ಟೈಪಿಂಗ್, ಹೆಸರು ಹುಡುಕುವ ಸಣ್ಣ ಪ್ರಶ್ನೆಗಳು ತಾವಾಗಿ ಮುಂದೆ ಹೋಗುತ್ತವೆ, ಏಕೆಂದರೆ ಅವು ಸ್ವಲ್ಪವೇ ಕೇಳುತ್ತವೆ. ಇದು ನನ್ನ ವಾದಕ್ಕೆ ವಿರುದ್ಧವೆಂದು ನನಗನ್ನಿಸುವುದಿಲ್ಲ. ಮಿತಿಯನ್ನು ಮೊದಲು ಬರೆದು ಆದ್ಯತೆಯನ್ನು ಆಮೇಲೆ ಹುಟ್ಟಿಸಿದ ಪಾಲಿಸಿ ಅದು, ನಾವು ಬರೆದದ್ದಕ್ಕಿಂತ ಮರ್ಯಾದಸ್ಥ. ಆದರೆ ಆಸ್ಪತ್ರೆಯ ಜಾಲದಲ್ಲೋ ವಿದ್ಯುತ್ ಉಪಕೇಂದ್ರದಲ್ಲೋ ಯಾವುದು ಕಾಯಬಾರದು ಎಂಬುದನ್ನು ನಡತೆ ನೋಡಿ ಊಹಿಸಲು ಬಿಡಲಾಗದು. ಅಲ್ಲಿ ಮನುಷ್ಯರೇ ಬರೆಯಬೇಕು, ಬರೆದು ಸಹಿ ಹಾಕಬೇಕು.

ಆದ್ಯತೆ ಎಂಬುದೇ ಅನ್ಯಾಯ, ಜಾಲ ತಟಸ್ಥವಾಗಿರಬೇಕು ಎಂಬ ಮಾತೂ ಇದೆ. ಸಾರ್ವಜನಿಕ ಇಂಟರ್ನೆಟ್ಟಿನಲ್ಲಿ ಅದು ಸರಿ. ದೂರಸಂಪರ್ಕ ನಿಯಂತ್ರಕ ಟ್ರಾಯ್ 2017ರ ನವೆಂಬರಿನಲ್ಲಿ ಕೊಟ್ಟು, ಸರ್ಕಾರ 2018ರಲ್ಲಿ ಒಪ್ಪಿದ ಶಿಫಾರಸುಗಳು ತಾರತಮ್ಯವನ್ನು ತಡೆಯುತ್ತಲೇ ಟ್ರಾಫಿಕ್ ನಿರ್ವಹಣೆಗೆ ಜಾಗ ಬಿಟ್ಟವು. ಅದು ಅಗತ್ಯದ ಅಳತೆಗೆ ತಕ್ಕಷ್ಟು, ತಾತ್ಕಾಲಿಕ ಮತ್ತು ಪಾರದರ್ಶಕ ಇರಬೇಕೆಂದವು. ಮೂರನೆಯ ಪದದ ಮೇಲೆ ನನ್ನ ಕಣ್ಣು. ಕಾನೂನು ಸೇವೆ ಕೊಡುವವರಿಗೆ ಹೇಳಿದ್ದನ್ನು ಪ್ರತಿ ಕಚೇರಿ ತನ್ನೊಳಗೆ ಪಾಲಿಸಬಾರದೇಕೆ? ನೌಕರರಿಗೆ, ಶಾಖೆಗಳಿಗೆ, ಕಿಟಕಿಯ ಮುಂದೆ ನಿಂತವರಿಗೆ ನೀವು ಯಾವ ವರ್ಗ, ನಿಮಗೆ ಕನಿಷ್ಠ ಎಷ್ಟು ಎಂದು ಒಂದು ಹಾಳೆ ಬರೆದು ಅಂಟಿಸಿದರೆ ಆಕಾಶ ಕಳಚಿ ಬೀಳುವುದಿಲ್ಲ. ಟ್ರಂಕ್ ಬುಕಿಂಗ್‌ನಲ್ಲಾದರೂ ದರ ಇಷ್ಟು, ವರ್ಗ ಇಂಥದು ಎಂದು ಕೇಳಿ ತಿಳಿದು ಆರಿಸಿಕೊಳ್ಳುವ ಹಕ್ಕಿತ್ತು.

ಈಗಲೂ ರೌಟರುಗಳ ಮುಂದೆ ಕೂರುವ ಹುಡುಗ ಹುಡುಗಿಯರಿಗೆ ಒಂದೇ ಕೋರಿಕೆ. ಶೋ ಪಾಲಿಸಿ-ಮ್ಯಾಪ್ ಇಂಟರ್‌ಫೇಸ್ ಎಂದು ಹೊಡೆದಾಗ ವಾಯ್ಸ್, ವಿಡಿಯೊ, ಕ್ರಿಟಿಕಲ್ ಅಂತ ಒಂದೊಂದೇ ಕ್ಲಾಸ್ ತೆರೆಯ ಮೇಲೆ ಬರುತ್ತದೆ. ಬಂದ ವೇಗ ಎಷ್ಟು, ಬಿದ್ದದ್ದು ಎಷ್ಟು, ಸಾಲಿನ ಆಳ ಎಷ್ಟು. ಮೊದಲ ಪರದೆ ತುಂಬಿದಾಗ ಕೆಳಗೆ 'ಮೋರ್' ಎಂದು ಕಾಣಿಸುತ್ತದೆ. ಮೇಲಿನ ವರ್ಗಗಳು ಚೆನ್ನಾಗಿವೆ ಎಂದು ಅಲ್ಲಿಗೇ 'q' ಕೀಲಿ ಒತ್ತಿ ಹೊರಬರಬೇಡಿ. ಹೆಸರಿಲ್ಲದವರೆಲ್ಲ ಸೇರುವ ಕ್ಲಾಸ್-ಡಿಫಾಲ್ಟ್ ಯಾವಾಗಲೂ ಕಟ್ಟಕಡೆಗೆ ಬರುತ್ತದೆ. ಸ್ಪೇಸ್ ಬಾರ್ ಇನ್ನೊಂದೆರಡು ಸಲ ಒತ್ತಿ, ಅದರ ಡ್ರಾಪ್ ಎಣಿಕೆಯನ್ನು ಮೊದಲು ಬರೆದುಕೊಳ್ಳಿ.